ಯಕೃತ್ತಿನೊಳಗಿನ ಉಪಶಮ

ಸಂಯಮವನ್ನು ಕುರಿತು ಮಾತನಾಡುವಾಗ ನಾವು ಬಳಸುವ ಉಪಮಾನಗಳೆಲ್ಲವೂ ಬಹುಮಟ್ಟಿಗೆ ಹೊರಗಿನಿಂದ ಬಂದವು. ಕುದುರೆಗೆ ಕಡಿವಾಣ, ಆನೆಗೆ ಅಂಕುಶ, ಉಕ್ಕುವ ಹಾಲಿಗೆ ತಣ್ಣೀರು, ಹರಿಯುವ ಹೊಳೆಗೆ ಕಟ್ಟೆ. ಇವೆಲ್ಲದರಲ್ಲಿಯೂ ಅಡಗಿರುವ ಅಭಿಪ್ರಾಯ ಒಂದೇ: ಶಕ್ತಿಯೆಂಬುದು ಒಂದು, ಅದನ್ನು ತಡೆಯುವುದು ಮತ್ತೊಂದು, ಇವೆರಡಕ್ಕೂ ಹುಟ್ಟು ಬೇರೆ, ನೆಲೆ ಬೇರೆ. ವ್ರತಿಯನ್ನು ಕಂಡು ಲೌಕಿಕರು ಆಡುವ ಎರಡು ಬಗೆಯ ಮಾತುಗಳಿಗೂ ಮೂಲ ಇದೇ ಇರಬೇಕು. 'ಈತನಿಗೆ ಕೋಪಿಸಿಕೊಳ್ಳುವ ತ್ರಾಣವೇ ಇಲ್ಲ, ಅದಕ್ಕೇ ಕ್ಷಮೆಯ ಮಾತು' ಎನ್ನುವವರು ಕೆಲವರು. 'ಒಳಗೆ ಕುದಿಯುತ್ತಲೇ ಇದೆ, ಮೇಲೊಂದು ಮುಚ್ಚಳ ಹಾಕಿಕೊಂಡಿದ್ದಾನೆ' ಎನ್ನುವವರು ಇನ್ನು ಕೆಲವರು. ಹಾಗಾದರೆ ಸಂಯಮವು ಶಕ್ತಿಯ ಅಭಾವವೋ, ಶಕ್ತಿಯ ಮೇಲಿಟ್ಟ ಭಾರವೋ? ಮೂರನೆಯದೊಂದು ಬಗೆ ಉಂಟೇ?

ಈ ಪ್ರಶ್ನೆಯನ್ನು ಶಾಸ್ತ್ರದ ಮಾರ್ಗದಿಂದ ವಿಚಾರಿಸುವ ಲೇಖನಗಳು ಈ ಪುಟಗಳಲ್ಲಿ ಅನೇಕ ಬಂದಿವೆ. ಪ್ರಕೃತ ನಾನು ಹಿಡಿಯುವ ದಾರಿ ಬೇರೆ. ನಮ್ಮ ಶರೀರದಲ್ಲಿಯೇ ಇರುವ ಒಂದು ಅವಯವದೊಳಗೆ, ಒಂದು ಜಾತಿಯ ಜೀವಕೋಶಗಳು ತಮ್ಮ ಕ್ಷೋಭೆಯನ್ನು ತಾವೇ ಹೇಗೆ ಶಮನಗೊಳಿಸಿಕೊಳ್ಳುತ್ತವೆ ಎಂಬುದನ್ನು ಮೊದಲು ನೋಡಿ, ಅನಂತರ ಪ್ರಶ್ನೆಗೆ ಹಿಂದಿರುಗುವುದು ಉಚಿತವೆಂದು ತೋರುತ್ತದೆ. ಆ ಅವಯವ ಯಕೃತ್ತು. ಉಪವಾಸ ಮಾಡುವವರಿಗೆ ಅದು ಅಪರಿಚಿತವಲ್ಲ. ಅನ್ನ ನಿಂತ ದಿನ ಸುಮಾರು ಒಂದು ಹಗಲಿರುಳಿನ ಕಾಲ ತನ್ನಲ್ಲಿ ಕೂಡಿಟ್ಟ ಗ್ಲೈಕೋಜೆನ್ನನ್ನು ಸಕ್ಕರೆಯಾಗಿ ಬಿಡುತ್ತ ಮೆದುಳನ್ನು ಸಲಹುವುದೂ, ಆ ಸಂಗ್ರಹ ತೀರಿದ ಬಳಿಕ ಕೊಬ್ಬನ್ನು ಕೀಟೋನುಗಳಾಗಿ ಮಾರ್ಪಡಿಸಿ ಕೊಡುವುದೂ ಅದೇ. ಆದರೆ ನನ್ನ ವಿಷಯ ಅದರ ಉಗ್ರಾಣಿಕೆಯಲ್ಲ, ಅದರ ಕಾವಲು.

ಕಾವಲಿನ ಮಾತಿಗೆ ಹೋಗುವ ಮುನ್ನ ನಮ್ಮ ಸೀಮೆಯ ಒಂದು ದೃಷ್ಟಾಂತವನ್ನು ಹೇಳಿಬಿಡುತ್ತೇನೆ. ನಾನಿರುವ ಮಾಕವಳ್ಳಿ ಕೃಷ್ಣರಾಜಪೇಟೆ ತಾಲ್ಲೂಕಿನದು. ಸಕ್ಕರೆ ಕಾರ್ಖಾನೆಯ ಊರು. ಹೇಮಾವತಿಯು ನಮ್ಮ ತಾಲ್ಲೂಕನ್ನು ಹಾದು ಕನ್ನಂಬಾಡಿಯ ಜಲಾಶಯವನ್ನು ಸೇರುತ್ತದೆ. ಕಟ್ಟೆಯೆಂದರೆ ನೀರಿಗೆ ಹೊರಗಿನ ತಡೆ ಎಂದು ಮೇಲೆ ಹೇಳಿದೆನಷ್ಟೆ. ಆದರೆ ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿ 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಮೊದಲಿಗೆ ಅಳವಡಿಸಿದ, ಅನಂತರ ಕನ್ನಂಬಾಡಿಗೂ ಬಂದ ಸ್ವಯಂಚಾಲಿತ ಬಾಗಿಲುಗಳ ಸ್ವಾರಸ್ಯವೇ ಬೇರೆ. ಕಾವಲುಗಾರ ಬಂದು ತಿರುಪನ್ನು ತಿರುಗಿಸಬೇಕಾಗಿಲ್ಲ. ನೀರು ಮಿತಿಮೀರಿ ಏರಿದರೆ ಆ ಏರಿಕೆಯ ಬಲವೇ ಬಾಗಿಲನ್ನು ತೆರೆಯುತ್ತದೆ. ನೀರು ಇಳಿದರೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಉಕ್ಕುವುದೂ ಉಕ್ಕನ್ನು ಇಳಿಸುವುದೂ ಒಂದೇ ನೀರಿನ ಕೆಲಸ. ತರಗತಿಯಲ್ಲಿ ಈ ಬಾಗಿಲನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದಾಗ ಮಕ್ಕಳ ಮುಖದಲ್ಲಿ ಮೂಡುತ್ತಿದ್ದ ಆಶ್ಚರ್ಯ ನನಗೆ ಎಂದೂ ಹಳತಾಗಲಿಲ್ಲ.

ಈಗ ಯಕೃತ್ತಿಗೆ ಬರೋಣ. ಅದಕ್ಕೆ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಹರಿದು ಬರುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಹೃದಯದಿಂದ ನೇರವಾಗಿ ಬಂದದ್ದಲ್ಲ. ಜಠರ, ಕರುಳು, ಗುಲ್ಮಗಳನ್ನು ಸುತ್ತಿ, ಅನ್ನರಸವನ್ನು ಹೊತ್ತು, ಪೋರ್ಟಲ್ ಅಭಿಧಮನಿಯ ಮೂಲಕ ಬಂದದ್ದು. ಕರುಳಿನಲ್ಲಿ ಅನೇಕ ಲಕ್ಷ ಕೋಟಿ ಸೂಕ್ಷ್ಮಜೀವಿಗಳ ವಾಸ. ಅವುಗಳ ದೇಹದ ಚೂರುಗಳು, ಒಮ್ಮೊಮ್ಮೆ ಅವೇ, ಕರುಳಿನ ಗೋಡೆಯನ್ನು ದಾಟಿ ಈ ರಕ್ತದಲ್ಲಿ ಸೇರಿಕೊಳ್ಳುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಕೆಲವು ಬ್ಯಾಕ್ಟೀರಿಯಗಳ ಹೊರಕವಚದಲ್ಲಿರುವ ಎಂಡೋಟಾಕ್ಸಿನ್, ಅಂದರೆ ಅಂತರ್ವಿಷ. 1892ರಲ್ಲಿ ಕಾಲರಾದ ರೋಗಾಣುವನ್ನು ಅಭ್ಯಸಿಸುತ್ತಿದ್ದ ಜರ್ಮನಿಯ ರಿಚರ್ಡ್ ಫೈಫರ್ ಈ ಹೆಸರನ್ನಿಟ್ಟನು. ಇದೊಂದು ವಿಚಿತ್ರ ವಿಷ. ತಾನಾಗಿ ಇದು ಯಾವುದನ್ನೂ ಸುಡುವುದಿಲ್ಲ, ಕೊರೆಯುವುದಿಲ್ಲ. ಇದನ್ನು ಕಂಡು ನಮ್ಮ ಕೋಶಗಳು ಕೆರಳುವುದರಿಂದಲೇ ಜ್ವರ, ಊತ, ರಕ್ತದೊತ್ತಡದ ಕುಸಿತ, ಕೊನೆಗೆ ಮರಣವೂ ಒದಗುವುದು. ಹಾನಿಯು ಬೈಗುಳದಲ್ಲಿಲ್ಲ, ಬೈಗುಳವನ್ನು ಕೇಳಿದವನ ಉತ್ತರದಲ್ಲಿದೆ ಎಂದ ಹಾಗೆ.

ಈ ರಕ್ತವು ಯಕೃತ್ತಿನೊಳಗೆ ಅತಿ ಸೂಕ್ಷ್ಮವಾದ ಕಾಲುವೆಗಳಲ್ಲಿ ಮೆಲ್ಲಮೆಲ್ಲನೆ ಜಿನುಗುತ್ತದೆ. ಆ ಕಾಲುವೆಗಳ ಒಳಗೋಡೆಗೆ ಕಾಲೂರಿಕೊಂಡು, ಪ್ರವಾಹಕ್ಕೆ ಮೈಯೊಡ್ಡಿ ನಿಂತಿರುವ ನಕ್ಷತ್ರಾಕಾರದ ಕೋಶಗಳೇ ನಮ್ಮ ಕಥಾನಾಯಕರು. 1876ರಲ್ಲಿ ಕಾರ್ಲ್ ವಿಲ್ಹೆಲ್ಮ್ ಫಾನ್ ಕುಫ್ಫರ್ ಎಂಬ ಜರ್ಮನ್ ಅಂಗರಚನಾಶಾಸ್ತ್ರಜ್ಞನು ಚಿನ್ನದ ಲವಣದಿಂದ ಬಣ್ಣ ಕಟ್ಟಿದ ಯಕೃತ್ತಿನ ಹಲ್ಲೆಗಳಲ್ಲಿ ಇಂತಹ ನಕ್ಷತ್ರಕೋಶಗಳನ್ನು ವರ್ಣಿಸಿದನು. ಅನಂತರ ಅವನು ಅವನ್ನು ರಕ್ತನಾಳದ ಗೋಡೆಯ ಭಾಗವೆಂದೇ ಎಣಿಸಿದನು. ಅವು ಪರಪದಾರ್ಥವನ್ನು ನುಂಗಿ ಜೀರ್ಣಿಸುವ ಭಕ್ಷಕ ಕೋಶಗಳೆಂದು ಸರಿಯಾಗಿ ಗುರುತಿಸಿದವನು ಪೋಲೆಂಡಿನ ಕ್ರಾಕೋವ್ ನಗರದ ತದೇವುಷ್ ಬ್ರೋವಿಚ್, ಅದು 1898ರಲ್ಲಿ. ಹೆಸರು ಮಾತ್ರ ಕುಫ್ಫರನದೇ ಉಳಿಯಿತು. ಶರೀರದ ಅಂಗಾಂಶಗಳಲ್ಲಿ ನೆಲೆನಿಂತ ಭಕ್ಷಕ ಕೋಶಗಳಲ್ಲಿ ನೂರಕ್ಕೆ ಎಂಬತ್ತರಿಂದ ತೊಂಬತ್ತರಷ್ಟು ಯಕೃತ್ತಿನಲ್ಲಿಯೇ ಇವೆಯೆಂದು ಹೇಳುತ್ತಾರೆ. ಇಷ್ಟು ದೊಡ್ಡ ಸೈನ್ಯ, ಇಷ್ಟು ನಿರಂತರವಾದ ಪ್ರಚೋದನೆ. ಇವು ಪ್ರತಿ ಚೂರಿಗೂ ಕೆರಳಿ ನಿಂತರೆ ಯಕೃತ್ತು ಒಂದು ದಿನವೂ ಉಳಿಯಲಾರದು. ಆದರೆ ಆರೋಗ್ಯವಂತನ ಯಕೃತ್ತಿನಲ್ಲಿ ಉರಿಯೂತವಿಲ್ಲ. ಏಕೆ?

ಮೊದಲು ಕೆರಳುವ ಕ್ರಮವನ್ನು ನೋಡಬೇಕು. ಕೋಶದ ಹೊರಮೈಯಲ್ಲಿ ಟಾಲ್-ಸದೃಶ ಗ್ರಾಹಕ-4 ಎಂಬ ಗ್ರಾಹಕವಿದೆ. ಅಂತರ್ವಿಷವನ್ನು ಗುರುತಿಸುವುದು ಇದೇ ಎಂದು 1998ರಲ್ಲಿ ಬ್ರೂಸ್ ಬ್ಯೂಟ್ಲರ್ ಅವರ ಬಳಗ ಕಂಡುಹಿಡಿಯಿತು. 2011ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೆ ಪಾಲು ದೊರೆತದ್ದು ಈ ಸಂಶೋಧನೆಯಿಂದ. ಕೋಶದ ಒಳಗೆ ಎನ್.ಎಫ್. ಕಪ್ಪ-ಬಿ ಎಂಬ ಪ್ರೋಟೀನು ಇದೆ. 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಇದನ್ನು ಪತ್ತೆ ಮಾಡಿದರು. ಸಾಮಾನ್ಯ ಸ್ಥಿತಿಯಲ್ಲಿ ಇದು ಐ-ಕಪ್ಪ-ಬಿ ಎಂಬ ಮತ್ತೊಂದು ಪ್ರೋಟೀನಿನ ತೆಕ್ಕೆಯಲ್ಲಿ ಸಿಕ್ಕಿ ನಿಷ್ಕ್ರಿಯವಾಗಿರುತ್ತದೆ. ಹೊರಗೆ ಅಂತರ್ವಿಷ ತಾಗಿದೊಡನೆ ಒಂದರಿಂದ ಒಂದಕ್ಕೆ ಸಂಜ್ಞೆ ಸಾಗಿ, ತಡೆಹಿಡಿದಿದ್ದ ಐ-ಕಪ್ಪ-ಬಿ ಕೆಲವೇ ನಿಮಿಷಗಳಲ್ಲಿ ನಾಶವಾಗುತ್ತದೆ. ಬಿಡುಗಡೆಯಾದ ಎನ್.ಎಫ್. ಕಪ್ಪ-ಬಿ ಕೋಶಕೇಂದ್ರವನ್ನು ಹೊಕ್ಕು ಅಲ್ಲಿಯ ಜೀನುಗಳನ್ನು ಎಬ್ಬಿಸುತ್ತದೆ. ಟಿ.ಎನ್.ಎಫ್., ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಮೊದಲಾದ ಉರಿಯೂತದ ದೂತದ್ರವ್ಯಗಳು ತಯಾರಾಗಿ ಹೊರಬೀಳುತ್ತವೆ. ಇದು ಕೋಪ.

ಇನ್ನು ಮುಂದಿನದನ್ನು ಓದುಗರು ನಿಧಾನವಾಗಿ ಗಮನಿಸಬೇಕೆಂದು ಬೇಡುತ್ತೇನೆ. ಕೋಶಕೇಂದ್ರಕ್ಕೆ ಹೋದ ಎನ್.ಎಫ್. ಕಪ್ಪ-ಬಿ ಎಬ್ಬಿಸುವ ಜೀನುಗಳಲ್ಲಿ ಐ-ಕಪ್ಪ-ಬಿಯ ಜೀನೂ ಒಂದು! ತನ್ನನ್ನು ಕಟ್ಟಿಹಾಕಿದ್ದ ಹಗ್ಗವನ್ನು ಹರಿದುಕೊಂಡು ಹೊರಟವನು, ಆಯುಧಗಳ ಜೊತೆಗೆ ಹೊಸ ಹಗ್ಗವನ್ನೂ ಹೊಸೆಯಲು ಆಜ್ಞೆ ಕೊಟ್ಟಂತಾಯಿತು. ಸುಮಾರು ಒಂದು ಗಂಟೆಯ ಆಚೀಚೆಗೆ ಹೊಸ ಐ-ಕಪ್ಪ-ಬಿ ಸಿದ್ಧವಾಗಿ, ಕೋಶಕೇಂದ್ರದೊಳಕ್ಕೇ ನಡೆದು, ಎನ್.ಎಫ್. ಕಪ್ಪ-ಬಿಯನ್ನು ಅಪ್ಪಿ ಹಿಡಿದು ಹೊರಕ್ಕೆ ತರುತ್ತದೆ. ಇದೊಂದೇ ಅಲ್ಲ. ಅದೇ ಆಜ್ಞೆಯಿಂದ ಎ-20 ಎಂಬ ಇನ್ನೊಂದು ಪ್ರೋಟೀನು ಹುಟ್ಟಿ, ಗ್ರಾಹಕದಿಂದ ಒಳಕ್ಕೆ ಬರುತ್ತಿರುವ ಸಂಜ್ಞೆಯ ಸರಪಣಿಯನ್ನೇ ನಡುವೆ ಕಡಿಯುತ್ತದೆ. ಎ-20 ಇಲ್ಲದೆ ಹುಟ್ಟಿದ ಇಲಿಗಳು ಯಕೃತ್ತು ಮೊದಲಾದ ಅವಯವಗಳ ಉರಿಯೂತದಿಂದ ಎಳೆಯ ಪ್ರಾಯದಲ್ಲಿಯೇ ಸತ್ತವೆಂದು 2000ದಲ್ಲಿ ಪ್ರಕಟವಾಯಿತು. ಆ ಇಲಿಗಳಿಗೆ ಹೊಸದಾಗಿ ಯಾವ ಶತ್ರುವೂ ಬಂದಿರಲಿಲ್ಲ. ನಿಲ್ಲಿಸುವ ಬಲ ಇರಲಿಲ್ಲ, ಅಷ್ಟೆ.

ಮೂರನೆಯದು ಇಂಟರ್‌ಲ್ಯೂಕಿನ್-10. ಇದು ಕೋಶದೊಳಗೆ ಉಳಿಯದೆ ಹೊರಕ್ಕೆ ಸ್ರವಿಸಲ್ಪಡುವ ಶಮನದ್ರವ್ಯ. 1995ರಲ್ಲಿ ಜರ್ಮನಿಯ ಪರ್ಸಿ ಕ್ನೋಲೆ ಮತ್ತು ಸಂಗಡಿಗರು, ಮಾನವನ ಕುಫ್ಫರ್ ಕೋಶಗಳು ಅಂತರ್ವಿಷಕ್ಕೆ ಉತ್ತರವಾಗಿ ಈ ಶಮನದ್ರವ್ಯವನ್ನೂ ಸ್ರವಿಸುತ್ತವೆ ಎಂದು ತೋರಿಸಿದರು. ಅದು ಬರುವುದು ಉರಿಯೂತದ ದ್ರವ್ಯಗಳು ಬಂದ ಅನಂತರ, ಗಂಟೆಗಳು ಕಳೆದ ಮೇಲೆ. ಬಂದು ಅಕ್ಕಪಕ್ಕದ ಕೋಶಗಳನ್ನಷ್ಟೇ ಅಲ್ಲ, ತನ್ನನ್ನು ಸ್ರವಿಸಿದ ಕೋಶವನ್ನೂ ತಣಿಸುತ್ತದೆ. ತಾನು ಆಡಿದ ಮಾತನ್ನು ತಾನೇ ಕೇಳಿಸಿಕೊಂಡು ಸಮಾಧಾನ ಹೊಂದುವ ಕೋಶ. ಗಟ್ಟಿಯಾಗಿ ಉಚ್ಚರಿಸಿ ತನ್ನ ಕಿವಿಗೇ ಮುಟ್ಟಿಸುವ ಪ್ರತಿಕ್ರಮಣ ಪಾಠದ ನೆನಪು ನನಗೆ ಬಾರದಿರಲಿಲ್ಲ. ಆದರೆ ಉಪಮಾನವನ್ನು ಅಷ್ಟು ದೂರ ಎಳೆಯಬಾರದು.

ಹೀಗೆ ಎಳೆಯುವವರು ನಮ್ಮಲ್ಲಿ ಕಡಿಮೆಯಿಲ್ಲ. ಹೊಸದಾಗಿ ಏನನ್ನು ಕಂಡುಹಿಡಿದರೂ 'ಇದು ನಮ್ಮ ಆಗಮದಲ್ಲಿ ಮೊದಲೇ ಇದೆ' ಎಂದು ಹೇಳುವುದು ಒಂದು ಚಟವಾಗಿದೆ. ಕುಫ್ಫರ್ ಕೋಶವಾಗಲಿ ಐ-ಕಪ್ಪ-ಬಿಯಾಗಲಿ ಯಾವ ಆಗಮದಲ್ಲಿಯೂ ಇಲ್ಲ. ಇರಬೇಕಾದ ಅಗತ್ಯವೂ ಇಲ್ಲ. ಆಗಮದ ಗೌರವ ಸೂಕ್ಷ್ಮದರ್ಶಕವನ್ನು ಅವಲಂಬಿಸಿಲ್ಲ. ಆದರೆ ಶಾಸ್ತ್ರವು ಕೊಟ್ಟ ಒಂದು ವಿವೇಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಉಪಶಮ ಬೇರೆ, ಕ್ಷಯ ಬೇರೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ಕದಡಿದ ನೀರಿನ ದೃಷ್ಟಾಂತದಿಂದ ತಿಳಿಸುತ್ತಾರೆ. ಕತಕದ ಬೀಜವನ್ನು ತೇಯ್ದು ಹಾಕಿದರೆ ಕೆಸರು ಕೆಳಗೆ ನಿಂತು ನೀರು ತಿಳಿಯಾಗುತ್ತದೆ, ಅದು ಉಪಶಮ. ಆ ತಿಳಿಯನ್ನು ಶುಚಿಯಾದ ಬೇರೆ ಪಾತ್ರೆಗೆ ಬಗ್ಗಿಸಿಕೊಂಡರೆ ಕೆಸರಿನ ಸಂಬಂಧವೇ ತಪ್ಪುತ್ತದೆ, ಅದು ಕ್ಷಯ. ಯಕೃತ್ತಿನ ಶಾಂತಿಯು ನಿಸ್ಸಂದೇಹವಾಗಿ ಮೊದಲನೆಯ ಜಾತಿಯದು. ಎನ್.ಎಫ್. ಕಪ್ಪ-ಬಿ ಎಲ್ಲಿಯೂ ಹೋಗಿಲ್ಲ, ತೆಕ್ಕೆಯಲ್ಲಿ ಮಲಗಿದೆ. ಪಾತ್ರೆ ಅಲುಗಾಡಿದರೆ ಕೆಸರು ಮೇಲೇಳುತ್ತದೆ. ಹನ್ನೊಂದನೆಯ ಗುಣಸ್ಥಾನಕ್ಕೆ ಏರಿದ ಜೀವವೂ ಅಲ್ಲಿಂದ ಜಾರಲೇಬೇಕೆಂದು ಹೇಳಿರುವುದನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಆದುದರಿಂದ ಆರಂಭದಲ್ಲಿ ಹೇಳಿದ ಇಬ್ಬರು ಟೀಕಾಕಾರರಿಗೂ ಅರ್ಧರ್ಧ ಉತ್ತರ ದೊರೆಯಿತು. 'ತ್ರಾಣವಿಲ್ಲ' ಎಂದವರ ಮಾತು ನಿಲ್ಲುವುದಿಲ್ಲ. ಕೆರಳಲಾರದ ಕೋಶಕ್ಕೆ ತಡೆಯನ್ನು ಹುಟ್ಟಿಸುವ ಆಜ್ಞೆಯೂ ಇರಲಾರದು. 'ಮುಚ್ಚಳ' ಎಂದವರ ಮಾತೂ ಪೂರ್ತಿ ಸರಿಯಲ್ಲ. ಮುಚ್ಚಳ ಹೊರಗಿನದು, ಈ ತಡೆ ಕುದಿಯುವ ಪಾತ್ರೆಯೊಳಗೇ ಕುದಿತದಿಂದಲೇ ಹುಟ್ಟಿದ್ದು. ಒಳಗೆ ಇನ್ನೂ ಕೆಸರಿದೆ ಎಂಬಷ್ಟರ ಮಟ್ಟಿಗೆ ಮಾತ್ರ ಅವರ ಸಂಶಯ ನ್ಯಾಯವಾದದ್ದು. ಪ್ರಾಮಾಣಿಕನಾದ ಯಾವ ಶ್ರಾವಕನೂ ಅದನ್ನು ಅಲ್ಲಗಳೆಯನು.

ಆದರೆ ಒಂದು ತೊಡಕು ಉಳಿದಿದೆ, ಅದು ಕಾಲದ ತೊಡಕು. ಕೆರಳುವುದಕ್ಕೆ ನಿಮಿಷಗಳು ಸಾಕು, ತಣಿಯುವುದಕ್ಕೆ ಗಂಟೆಗಳು ಬೇಕು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದೆಂಬ ಗಾದೆಗೆ ಅವಕಾಶವಿರುವುದೇ ಈ ಅಂತರದಲ್ಲಿ. ಶರೀರಕ್ಕೆ ಇದರ ಪರಿಹಾರವೂ ತಿಳಿದಂತಿದೆ. 1940ರ ದಶಕದಲ್ಲಿ ಅಮೆರಿಕದ ಪಾಲ್ ಬೀಸನ್ ಮೊಲಗಳಿಗೆ ಟೈಫಾಯಿಡ್ ಲಸಿಕೆಯನ್ನು ದಿನದಿನವೂ ಚುಚ್ಚಿ ನೋಡಿದನು. ಮೊದಲ ದಿನ ತೀವ್ರವಾಗಿ ಬಂದ ಜ್ವರವು ದಿನಗಳೆದಂತೆ ಇಳಿಯಿತು. ಯಕೃತ್ತು ಮೊದಲಾದೆಡೆಗಳ ಭಕ್ಷಕ ಕೋಶಗಳನ್ನು ಬೇರೊಂದು ಪದಾರ್ಥದಿಂದ ತುಂಬಿ ಅಡ್ಡಿಪಡಿಸಿದಾಗ ಈ ಸಹನೆ ಮಾಯವಾಗಿ ಜ್ವರ ಮರಳಿತು. ಅಂತರ್ವಿಷ ಸಹಿಷ್ಣುತೆ ಎಂದು ಈಗ ಕರೆಯುವುದು ಇದನ್ನು. ಅಲ್ಪಪ್ರಮಾಣದ ಪ್ರಚೋದನೆಯನ್ನು ನಿತ್ಯವೂ ಕಂಡ ಕೋಶವು ತಡೆಯ ಸಾಮಗ್ರಿಯನ್ನು ಮುಂಚಿತವಾಗಿಯೇ ಸಿದ್ಧವಾಗಿಟ್ಟುಕೊಂಡಿರುತ್ತದೆ. ಹೊಡೆತ ಬಂದಾಗ ತಡೆ ತಡವಾಗುವುದಿಲ್ಲ. ಪೋರ್ಟಲ್ ರಕ್ತದ ದಿನನಿತ್ಯದ ಚೂರುಪಾರುಗಳೇ ಕುಫ್ಫರ್ ಕೋಶಗಳಿಗೆ ಈ ಅಭ್ಯಾಸವನ್ನು ಮಾಡಿಸುತ್ತಿರುತ್ತವೆ.

ಸಹನೆ ಒಳ್ಳೆಯದೆಂದು ಇಲ್ಲಿಗೆ ಕೈಮುಗಿದು ಮುಗಿಸಬಹುದಾಗಿತ್ತು. ಆದರೆ ಸತ್ಯವು ಅಷ್ಟು ಸುಲಭವಲ್ಲ. ತೀವ್ರವಾದ ರಕ್ತಸೋಂಕಿನಿಂದ ಬದುಕಿ ಉಳಿದವರಲ್ಲಿ ಈ ಭಕ್ಷಕ ಕೋಶಗಳು ಎಷ್ಟೋ ವೇಳೆ ಅತಿಯಾಗಿ ಮಂಕಾಗಿ, ಎರಡನೆಯ ಸೋಂಕು ಬಂದಾಗ ಏಳುವುದೇ ಇಲ್ಲ. ಇನ್ನೂ ಕಟುವಾದ ಉದಾಹರಣೆ ಮಲೇರಿಯಾ. ಸೊಳ್ಳೆಯು ಕಚ್ಚಿದಾಗ ಒಳಸೇರುವ ಪರಾವಲಂಬಿಯು ರಕ್ತದಲ್ಲಿ ತೇಲಿ ಯಕೃತ್ತಿಗೆ ಬರುತ್ತದೆ. ಅಲ್ಲಿ ಅದು ಯಕೃತ್ ಕೋಶಗಳನ್ನು ಸೇರಲು ಆಯ್ದುಕೊಳ್ಳುವ ದಾರಿಗಳಲ್ಲಿ ಒಂದು, ಕುಫ್ಫರ್ ಕೋಶವನ್ನೇ ಹಾದುಹೋಗುವುದು! ಎಲ್ಲವನ್ನೂ ನುಂಗಿ ಅರಗಿಸುವ ಕಾವಲುಗಾರನ ಒಡಲಿನೊಳಗಿಂದ ಕಳ್ಳನು ಅಕ್ಷತನಾಗಿ ದಾಟುತ್ತಾನೆ. ಈ ಕಳ್ಳನು ಏನು ಮಾಡಬಲ್ಲನೆಂಬುದನ್ನು ನಮ್ಮ ಸೀಮೆಗೆ ಬೇರೆ ಹೇಳಬೇಕಾಗಿಲ್ಲ. ಶ್ರೀರಂಗಪಟ್ಟಣದ ಜ್ವರಕ್ಕೆ ಅಂಜಿ ಬ್ರಿಟಿಷರು 1809ರಲ್ಲಿ ತಮ್ಮ ದಂಡನ್ನು ಬೆಂಗಳೂರಿಗೆ ಸಾಗಿಸಿದರು. ಕನ್ನಂಬಾಡಿಯ ನಾಲೆಯ ನೀರು ಮಂಡ್ಯದ ಬಯಲಿಗೆ ಹರಿದ 1930ರ ದಶಕದಲ್ಲಿ ಬೆಳೆಯ ಜೊತೆಗೆ ಮಲೇರಿಯಾವೂ ಹಬ್ಬಿತು. ಗೃಹಸ್ಥನಿಗೆ ಸಂಕಲ್ಪೀ ಹಿಂಸೆಯನ್ನು ನಿಷೇಧಿಸಿದ ಆಚಾರ್ಯರು ವಿರೋಧೀ ಹಿಂಸೆಯನ್ನು ಬೇರೆಯಾಗಿ ಎಣಿಸಿದ್ದರಲ್ಲಿ ಎಂತಹ ಲೋಕಜ್ಞಾನವಿದೆಯೆಂದು ಇಂತಹ ಸಂದರ್ಭದಲ್ಲಿ ಅನ್ನಿಸುತ್ತದೆ. ಎಲ್ಲಕ್ಕೂ ಸುಮ್ಮನಿರುವುದು ಸಂಯಮವಲ್ಲ.

ಇದೇ ನೆಲೆಯಲ್ಲಿ ಒಂದು ಪ್ರಶ್ನೆಯನ್ನು ಕೆಲವರು ಕೇಳುವುದುಂಟು. ಯಕೃತ್ತಿನಲ್ಲಿ ಕ್ಷಣಕ್ಷಣವೂ ಸೂಕ್ಷ್ಮಜೀವಿಗಳ ಭಕ್ಷಣೆ ನಡೆಯುತ್ತಿರುವಾಗ ಅಹಿಂಸಾವ್ರತಿಯ ವ್ರತ ಉಳಿಯುವುದೆಂತು? ಉತ್ತರ ಚಿಕ್ಕದು. ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ಪ್ರಾಣವಿಯೋಗವೊಂದನ್ನೇ ಹೇಳದೆ ಪ್ರಮಾದವನ್ನು ಮುಂದಿಟ್ಟರು. ಕೋಶಕ್ಕೆ ಪ್ರಮಾದವಿಲ್ಲ, ಅಪ್ರಮಾದವೂ ಇಲ್ಲ.

ಈ ಕಾರಣದಿಂದಲೇ ಕೋಶದ ಶಾಂತಿಯನ್ನು ಸಂಯಮವೆಂದು ಕರೆಯಲು ನನಗೆ ಮನಸ್ಸು ಬಾರದು. ಸುಂದರವಾದ ವ್ಯವಸ್ಥೆ ನಿಜ. ಆದರೆ ಅದರಲ್ಲಿ ಅರಿವಿಲ್ಲ, ಆಯ್ಕೆಯಿಲ್ಲ. ಮಾಯೆ, ಮಿಥ್ಯೆ, ನಿದಾನಗಳೆಂಬ ಶಲ್ಯಗಳನ್ನು ಕಿತ್ತವನೇ ವ್ರತಿ ಎಂದ ಮೇಲೆ, ಶಲ್ಯವೇ ಇರಲಾರದ ಕೋಶಕ್ಕೆ ವ್ರತವೂ ಇರಲಾರದು. ಆಯ್ಕೆಯಿಲ್ಲದ ಕಡೆ ಗುಣವೂ ಇಲ್ಲ, ದೋಷವೂ ಇಲ್ಲ. ಹಾಗಿದ್ದರೆ ಇಷ್ಟು ಹೊತ್ತು ಅದನ್ನು ನೋಡಿದ್ದೇಕೆ? ನೋಡಿದ್ದು, ನಮ್ಮಲ್ಲಿ ವ್ರತವು ಮಾಡುವ ಕೆಲಸ ಯಾವುದೆಂದು ಬೇರ್ಪಡಿಸಿ ತಿಳಿಯುವುದಕ್ಕಾಗಿ. ಕೋಪವನ್ನು ಹುಟ್ಟಿಸುವ ಬುದ್ಧಿಯೇ ಪಶ್ಚಾತ್ತಾಪವನ್ನೂ ಹುಟ್ಟಿಸುತ್ತದೆ; ಅವಮಾನವನ್ನು ಅರಿಯದವನಿಗೆ ಕ್ಷಮಿಸಲು ಏನಿದೆ? ಇಷ್ಟು ಕೆಲಸವನ್ನು ಪ್ರಕೃತಿಯೇ ಮಾಡಿಕೊಡುತ್ತದೆ. ಕ್ರೂರನಾದವನೂ ಎರಡು ಗಂಟೆ ಕಳೆದರೆ ತಣ್ಣಗಾಗುತ್ತಾನೆ. ಅದರಲ್ಲಿ ಅವನ ಪುಣ್ಯವೇನಿಲ್ಲ. ವ್ರತವು ಮಾಡುವುದು, ಆ ತಡವಾಗಿ ಬರುವ ತಡೆಯನ್ನು ಮುಂದಕ್ಕೆ ತಂದು, ಪ್ರಚೋದನೆಗೆ ಮೊದಲೇ ನಿಲ್ಲಿಸುವುದು. ಕಾಲದ ಮಿತಿಯುಳ್ಳದ್ದು ನಿಯಮ, ಬದುಕಿರುವವರೆಗಿನದು ಯಮ ಎಂದು ಸಮಂತಭದ್ರರು ವಿಂಗಡಿಸಿದ್ದಾರೆ. ಒಂದು ಹೊತ್ತಿನ ರಸತ್ಯಾಗ, ಒಂದು ದಿನದ ಮೌನ, ಇಂತಹ ಸಣ್ಣ ನಿಯಮಗಳನ್ನು ಹಿಡಿಯುವವರನ್ನು ಕಂಡು 'ಇದರಿಂದೇನು' ಎಂದು ನಗುವವರಿದ್ದಾರೆ. ಬೀಸನ್ನನ ಮೊಲಗಳಿಗೆ ಸಿಕ್ಕಿದ್ದೂ ಸಣ್ಣ ಪ್ರಮಾಣವೇ. ಆದರೆ ಮೊಲವು ತಾನಾಗಿ ಸೂಜಿಯ ಮುಂದೆ ಬಂದು ಕೂರಲಿಲ್ಲ, ಶ್ರಾವಕನು ಬಂದು ಕೂರುತ್ತಾನೆ. ವ್ಯತ್ಯಾಸವೆಲ್ಲ ಅಲ್ಲಿದೆ.

ಮದ್ಯದ ವಿಷಯವನ್ನು ಬಿಟ್ಟರೆ ಈ ಲೇಖನ ಊನವಾಗುತ್ತದೆ. ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಮೂಲಗುಣಗಳಲ್ಲಿ ಎಣಿಸಿದ ಪರಂಪರೆ ನಮ್ಮದು. ನಾನಿರುವುದು ಕಬ್ಬಿನ ನಾಡು. ಒಂದೇ ಜಲ್ಲೆಯ ರಸ ಸಕ್ಕರೆಯಾಗುತ್ತದೆ; ಸಕ್ಕರೆ ತೆಗೆದು ಉಳಿದ ಕಾಕಂಬಿಯಿಂದ ಮದ್ಯಸಾರವಾಗುತ್ತದೆ. ಕರ್ನಾಟಕ ಸರ್ಕಾರವು 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು. ಉಳಿದ ಮದ್ಯಗಳು ಉಳಿದವು. ಮದ್ಯವು ಯಕೃತ್ತನ್ನು ಕೆಡಿಸುವುದು ಕೇವಲ ತನ್ನ ಉರಿಯಿಂದಲ್ಲ. ಅದು ಕರುಳಿನ ಗೋಡೆಯನ್ನು ಸಡಿಲಗೊಳಿಸಿ ಅಂತರ್ವಿಷವನ್ನು ಹೆಚ್ಚಾಗಿ ಒಳಬಿಡುತ್ತದೆ. ಅಮೆರಿಕದ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ರೊನಾಲ್ಡ್ ತರ್ಮನ್ ಅವರ ಬಳಗವು 1994ರಲ್ಲಿ, ಮದ್ಯ ಕೊಟ್ಟ ಇಲಿಗಳ ಕುಫ್ಫರ್ ಕೋಶಗಳನ್ನು ಮೊದಲೇ ನಿಷ್ಕ್ರಿಯಗೊಳಿಸಿದರೆ ಯಕೃತ್ತಿನ ಹಾನಿ ಬಹಳ ಕಡಿಮೆಯಾಗುವುದೆಂದು ತೋರಿಸಿತು. ಅಂದರೆ ಮದ್ಯಪಾನಿಯ ಯಕೃತ್ತನ್ನು ಸುಡುವ ಬೆಂಕಿಯಲ್ಲಿ ದೊಡ್ಡ ಪಾಲು ಅವನ ಕಾವಲುಗಾರರೇ ಹಚ್ಚಿದ್ದು. 1998ರಲ್ಲಿ ಅದೇ ಬಳಗದಿಂದ ಬಂದ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದೆ. ಒಮ್ಮೆ ಹೇರಳವಾಗಿ ಮದ್ಯ ಕೊಟ್ಟ ಎರಡು ಗಂಟೆಗಳ ಅನಂತರ ಇಲಿಯ ಕುಫ್ಫರ್ ಕೋಶಗಳು ಅಂತರ್ವಿಷಕ್ಕೆ ಮಂದವಾಗಿದ್ದವು. ಇಪ್ಪತ್ತನಾಲ್ಕು ಗಂಟೆಗಳ ಅನಂತರ ಅವೇ ಕೋಶಗಳು ಎಂದಿಗಿಂತ ಹೆಚ್ಚು ಉಗ್ರವಾಗಿ ಕೆರಳುತ್ತಿದ್ದವು. ಮೊದಲು ಹುಸಿ ಶಾಂತಿ, ಮರುದಿನ ಬಡ್ಡಿಯೊಡನೆ ಕ್ರೋಧ. ಕುಡಿದವನ ಮನೆಯವರಿಗೆ ಇದನ್ನು ತಿಳಿಯಲು ಪ್ರಯೋಗಶಾಲೆ ಬೇಕಾಗಿರಲಿಲ್ಲ. ಆದರೆ ತಾನಾಗಿ ನಡೆಯುವ ಉಪಶಮವೂ ಕೆಡಬಲ್ಲದು, ತಡೆಯನ್ನು ಹೆಣೆಯುವ ಕೈಯನ್ನೇ ಅಭ್ಯಾಸಬಲದಿಂದ ಮುರಿಯಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ನನಗೆ ಗೊತ್ತಿಲ್ಲ. ಕೋಶಕ್ಕೆ ಆಯ್ಕೆಯಿಲ್ಲ ಎಂದೆ; ಕೋಶದ ಒಡೆಯನಿಗೆ ಇದೆ.

ಉಪವಾಸದ ಮಾತು. ಇದರಲ್ಲಿ ನಾನು ಬಹಳ ಎಚ್ಚರದಿಂದ ಹೆಜ್ಜೆಯಿಡುತ್ತೇನೆ. ಉಪವಾಸದಲ್ಲಿ ಯಕೃತ್ತು ತಯಾರಿಸುವ ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್ ಎಂಬ ಕೀಟೋನು ಉರಿಯೂತದ ಒಂದು ಮುಖ್ಯ ಯಂತ್ರವನ್ನು ತಡೆಯುತ್ತದೆಂದು 2015ರಲ್ಲಿ ಪ್ರಕಟವಾಯಿತು. ಅಲ್ಪಕಾಲದ ಉಪವಾಸದಿಂದ ಮನುಷ್ಯರಲ್ಲಿಯೂ ಇಲಿಗಳಲ್ಲಿಯೂ ರಕ್ತದಲ್ಲಿ ಸಂಚರಿಸುವ ಮಾನೋಸೈಟ್ ಎಂಬ ಉರಿಯೂತಕಾರಿ ಕೋಶಗಳು ಕಡಿಮೆಯಾಗುತ್ತವೆ, ಆ ಆಜ್ಞೆ ಹೊರಡುವುದು ಯಕೃತ್ತಿನಿಂದಲೇ ಎಂದು 2019ರಲ್ಲಿ ತಿಳಿಯಿತು. ಇದನ್ನು ಓದಿ ಹಿಗ್ಗಿದವರು 2023ರ ಸಂಶೋಧನೆಯನ್ನೂ ಓದಬೇಕು. ಒಂದು ದಿನ ಉಪವಾಸವಿದ್ದ ಇಲಿಗಳಿಗೆ ಮತ್ತೆ ಆಹಾರ ಕೊಟ್ಟಾಗ, ಮೂಳೆಯ ಮಜ್ಜೆಯಲ್ಲಿ ಅಡಗಿದ್ದ ಆ ಕೋಶಗಳು ಪ್ರವಾಹದಂತೆ ರಕ್ತಕ್ಕೆ ನುಗ್ಗಿದವು. ಆ ಹೊತ್ತಿನಲ್ಲಿ ಸೋಂಕು ತಗು‌ಲಿದ ಇಲಿಗಳ ಸ್ಥಿತಿ ಇತರ ಇಲಿಗಳಿಗಿಂತ ಕೆಟ್ಟದಾಯಿತು. ಇಲಿಯ ಒಂದು ದಿನ ಮನುಷ್ಯನ ಒಂದು ದಿನಕ್ಕೆ ಸಮನಲ್ಲ, ಇಲಿಯ ಫಲವನ್ನು ನೇರವಾಗಿ ನಮಗೆ ಹಚ್ಚಲಾಗದು. ಆದರೂ ಪಾರಣೆಯನ್ನು ಉಪವಾಸದ ಅಂಗವೆಂದೇ ಎಣಿಸಿ, ಅದಕ್ಕೂ ಕ್ರಮ, ಮಿತಿಗಳನ್ನು ಇಟ್ಟುಕೊಂಡು ಬಂದ ಹಿರಿಯರನ್ನು ನೆನೆಯದೆ ಇರಲಾಗದು. ಮೂರು ದಿನ ಉಪವಾಸವಿದ್ದು ನಾಲ್ಕನೆಯ ಬೆಳಗ್ಗೆ ಒಬ್ಬಟ್ಟಿನ ರಾಶಿಗೆ ಕೈಹಾಕುವವರನ್ನು ನಾವೆಲ್ಲರೂ ನೋಡಿದ್ದೇವೆ. ಇರಲಿ. ಯಕೃತ್ತಿನ ಹಿತಕ್ಕಾಗಿ ಮಾಡಿದ ಲಂಘನಕ್ಕೆ ವೈದ್ಯಶಾಸ್ತ್ರದಲ್ಲಿ ಸ್ಥಾನವಿದೆ, ತಪಸ್ಸಿನಲ್ಲಿ ಇಲ್ಲ. ಮಧುಮೇಹ, ಯಕೃತ್ತಿನ ಕಾಯಿಲೆಗಳಿದ್ದವರು ಪತ್ರಿಕೆಯ ಲೇಖನವನ್ನು ನಂಬಿ ಉಪವಾಸಕ್ಕೆ ಇಳಿಯಲೂಬಾರದು.

ಕೊನೆಯದಾಗಿ, ಇಷ್ಟೆಲ್ಲ ತಿಳಿದುಬಂದದ್ದು ಹೇಗೆಂಬುದನ್ನು ಈ ಪತ್ರಿಕೆಯ ಓದುಗರು ಕೇಳದೆ ಬಿಡುವವರಲ್ಲ. ಮೇಲೆ ಎಷ್ಟು ಸಲ ಇಲಿ, ಮೊಲ ಎಂದು ಬರೆದೆನೋ ಅಷ್ಟು ಸಲವೂ ನನ್ನ ಲೇಖನಿ ಒಂದು ಕ್ಷಣ ತಡೆದಿದೆ. ಉಪಶಮದ ರಹಸ್ಯವನ್ನು ತಿಳಿಯಲು ಪಂಚೇಂದ್ರಿಯ ಜೀವಿಗಳನ್ನು ನೋಯಿಸಿ ಕೊಂದದ್ದು ಸಂಕಲ್ಪೀ ಹಿಂಸೆ; ಅದಕ್ಕೆ ಬೇರೆ ಹೆಸರಿಲ್ಲ. ಅದರಿಂದ ಸಾವಿರಾರು ರೋಗಿಗಳಿಗೆ ಉಪಕಾರವಾಯಿತು ಎಂಬ ವಾದವನ್ನು ನಾನು ಲಘುವಾಗಿ ಕಾಣಲಾರೆ. ಉಪಕಾರದ ಲೆಕ್ಕದಿಂದ ಹಿಂಸೆ ಅಹಿಂಸೆಯಾಗುತ್ತದೆಂದು ಒಪ್ಪಲೂ ಆರೆ. ಒಮ್ಮೆ ತಿಳಿದುಬಂದ ಸತ್ಯಕ್ಕೆ ಬೆನ್ನು ತಿರುಗಿಸುವುದರಿಂದ ಸತ್ತ ಇಲಿಗಳು ಏಳುವುದೂ ಇಲ್ಲ. 2023ರಲ್ಲಿ ಭಾರತ ಸರ್ಕಾರವು ಹೊಸ ಔಷಧಗಳ ನಿಯಮಗಳಿಗೆ ತಿದ್ದುಪಡಿ ತಂದು, ಪ್ರಾಣಿಗಳ ಬದಲು ಮಾನವ ಕೋಶಗಳನ್ನು ಬಳಸುವ ಪರೀಕ್ಷೆಗಳಿಗೂ ಅವಕಾಶ ಮಾಡಿಕೊಟ್ಟಿದೆ. ಕುಫ್ಫರ್ ಕೋಶವು ತನ್ನ ಶಮನದ್ರವ್ಯವನ್ನು ತಾನೇ ಸ್ರವಿಸುತ್ತದೆಂದು 1995ರಲ್ಲಿ ತೋರಿಸಿದ ಆ ಜರ್ಮನ್ ಸಂಶೋಧಕರು ಗಾಜಿನ ತಟ್ಟೆಯಲ್ಲಿ ಇಟ್ಟುಕೊಂಡು ಪರೀಕ್ಷಿಸಿದ್ದು ಮನುಷ್ಯನ ಯಕೃತ್ತಿನಿಂದ ಪಡೆದ ಕೋಶಗಳನ್ನೇ.